ಆರು ಗಂಟೆಯ ಹಕ್ಕಿ

ನನ್ನನ್ನು ನೋಡಲು ಕುಂದಾಣದಿಂದ ಹುಡುಗನ ಕಡೆಯವರು ಬಂದದ್ದು ಕಾರ್ತಿಕದ ಒಂದು ಭಾನುವಾರ. ಹುಡುಗನ ಸೋದರಮಾವ ಪಂಚಾಂಗ ಕೇಳದೆ ಸೀನುವುದೂ ಇಲ್ಲ. ರಾಹುಕಾಲ ಕಳೆಯಲಿ ಎಂದು ತೂಬಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿಕೊಂಡು ಒಂದೂವರೆ ಗಂಟೆ ಕೂತಿದ್ದರಂತೆ. ಅಷ್ಟೊತ್ತಿಗೆ ಅಮ್ಮನ ಕೇಸರಿಬಾತು ಆರಿ ಗಟ್ಟಿಯಾಗಿತ್ತು.

ಹುಡುಗ ನನಗೆ ಹಿಡಿಸಿದ್ದ, ಮುಚ್ಚಿಡುವುದೇಕೆ? ಎರಡು ಸಲ ದೊಡ್ಡಬಳ್ಳಾಪುರದಲ್ಲಿ ಕಾಫಿ ಕುಡಿದಿದ್ದೆವು. ಕೆರೆ ಕೆರೆ ಸುತ್ತಿ ಹಕ್ಕಿಗಳ ಫೋಟೊ ತೆಗೆಯುವವನು. ಕೂಗು ಕೇಳಿದರೆ ಸಾಕು, ಹೆಸರು ಹೇಳ್ತೀನಿ ಅಂದಿದ್ದ. ನಾನು ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದೆ.

ಸಂಜೆ ಸರಿಯಾಗಿ ಆರಕ್ಕೆ ಮಾವ ಹೊಸ್ತಿಲು ದಾಟಲು ಬಲಗಾಲು ಎತ್ತಿದರು. ಎಡಗಡೆಯ ಹೊಂಗೆ ಮರದಿಂದ ಎರಡೇ ಸ್ವರದ ಶಿಳ್ಳೆ ಬಂತು, ಯಾರೋ ಪೋಲಿ ಹುಡುಗ ಕರೆದಂತೆ. ನಮ್ಮಲ್ಲಿ ಯಾರೂ ಕೇಳಿದ ಕೂಗಲ್ಲ. ಎತ್ತಿದ ಕಾಲು ಹಾಗೇ ನಿಂತಿತು.

"ಹಾಲಕ್ಕಿ! ಎಡಗಡೆ ನುಡೀತೈತೆ. ಇವತ್ತು ಬ್ಯಾಡ, ನಡೀರಿ."

ಬುಡುಬುಡಿಕೆಯವನು ಒಂದು ಹಳೇ ಕೋಟಿನ ಆಸೆಗಾದರೂ ಹಾಲಕ್ಕಿ ಶಕುನ ಹೇಳುತ್ತಾನೆ. ಈ ಮಹಾನುಭಾವರು ಬಿಟ್ಟಿಯಾಗಿ ಹೇಳಿದರು. "ಇರ್ಬೋದು ಬುಡಿ, ನಿಮ್ಗೆ ತಿಳೀದಿದ್ದಾ" ಎಂದು ಅಪ್ಪ ಕೈ ಮುಗಿದರು. ಹೊಲದಲ್ಲೇ ಹುಟ್ಟಿ ಬೆಳೆದ ಮನುಷ್ಯ, ಹಾಲಕ್ಕಿ ಕೂಗು ಗೊತ್ತಿಲ್ಲದವರೇ! ನಾನು ಹುಡುಗನ ಮುಖ ನೋಡಿದೆ. ಅವನು ಮರದ ಕಡೆ ಒಮ್ಮೆ ಕಿವಿಗೊಟ್ಟು, ನಸುನಕ್ಕು, ಚಪ್ಪಲಿ ಮೆಟ್ಟಿಕೊಂಡ.

ಮಾರನೆಯ ಬೆಳಿಗ್ಗೆ ಮತ್ತೆ ಅದೇ ಶಿಳ್ಳೆ. ಹೋಗಿ ನೋಡಿದೆ. ಮರದ ಬುಡದಲ್ಲಿ ತರಗೆಲೆ ಕೆದಕುತ್ತಿತ್ತು ಒಂದು ಮೋಟು ಬಾಲದ ಹಕ್ಕಿ. ಹಸಿರು ಬೆನ್ನು, ಕಣ್ಣಿಗೆ ಕಪ್ಪು ಪಟ್ಟಿ, ಬಾಲದಡಿ ಕುಂಕುಮದ ಬಣ್ಣ. ಗೂಬೆಯ ಜಾತಿಯ ಹಾಲಕ್ಕಿಗೂ ಇದಕ್ಕೂ ಎಲ್ಲಿಯ ಸಂಬಂಧ! ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಇದು ಯಾವ ಹಕ್ಕಿ ಎಂದು ಹುಡುಗನಿಗೆ ಕಳಿಸಿದೆ.

ನಿಮಿಷದೊಳಗೆ ಉತ್ತರ ಬಂತು. "ನವರಂಗ. ಚಳಿಗಾಲಕ್ಕೆ ಉತ್ತರದಿಂದ ಬರುತ್ತೆ. ಬೆಳಿಗ್ಗೆ ಆರು, ಸಂಜೆ ಆರು, ಗಡಿಯಾರದ ಥರ ಕೂಗುತ್ತೆ. ನಿನ್ನೇನೇ ಗೊತ್ತಾಯ್ತು."

ಅಂದರೆ ರಾಹುಕಾಲಕ್ಕೆ ಹೆದರಿ ಕಾದೂ ಕಾದೂ, ಅದು ಕೂಗುವ ಹೊತ್ತಿಗೇ ಬಂದು ನಿಂತಿದ್ದರು ಪುಣ್ಯಾತ್ಮರು.

"ಮತ್ತೆ ಯಾಕೆ ಹೇಳ್ಲಿಲ್ಲ?" ಎಂದು ಬರೆದೆ.

"ಮಾವನ ಎದುರು ಹೆಂಗ್ ಹೇಳೋದು? ಶಾಂತಿ ಮಾಡಿಸ್ಕೊಂಡು ಬುಧವಾರ ಬರ್ತೀವಲ್ಲ." ಜೊತೆಗೊಂದು ನಗುವ ಮುಖದ ಚಿತ್ರ ಬೇರೆ. ನನಗೆ ಹೇಸಿಗೆಯಾಯಿತು.

ಫೋನನ್ನು ಅಪ್ಪನ ಕೈಗಿಟ್ಟೆ. ಓದಿದರು. "ಒಳ್ಳೇ ಹುಡುಗ ಕಣವ್ವ, ದೊಡ್ಡೋರಿಗೆ ಮರ್ಯಾದೆ ಕೊಡ್ತಾನೆ" ಅಂದರು.

"ನಾಳೆ ಅವರ ಮನೇಲಿ ಒಂದು ಎಮ್ಮೆ ಸತ್ರೆ, ಆ ಮಾವ ನನ್ನನ್ನೇ ಅಪಶಕುನ ಅಂತಾರೆ ಅಪ್ಪ. ಸುಳ್ಳು ಅಂತ ಇವನಿಗೆ ಆಗ್ಲೂ ಗೊತ್ತಿರುತ್ತೆ."

ಅಪ್ಪ ಆ ಮೆಸೇಜನ್ನು ಇನ್ನೊಮ್ಮೆ ಓದಿದರು. ಆಮೇಲೆ ತಾವೇ ಕುಂದಾಣಕ್ಕೆ ಫೋನ್ ಹಚ್ಚಿ, ಬುಧವಾರ ಬರೋದು ಬ್ಯಾಡ ಅಂದರು.