ರಟ್ಟಿನ ಹಿಂದೆ ಬರೆದ ಪದ

ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ಮೇಲೆದ್ದು ಬಂದ ನಮ್ಮ ಯಜಮಾನರ ಕಾಲಿನ ಮೇಲೆ ಗುಂಡಿಯ ಅಂಚು ಒತ್ತಿದ ಗುರುತಿತ್ತು. ಊಟ ಮುಗಿದರೂ ಅದು ಮಾಯವಾಗಲಿಲ್ಲ. ಬೆರಳಿನಿಂದ ಒತ್ತಿದೆ. ಇನ್ನೊಂದು ಗುಳಿ ಬಿತ್ತು.

"ದಪ್ಪ ಆಗಿದೀರಿ. ನನ್ನ ಅಡುಗೆ ಗುಣ" ಎಂದು ನಕ್ಕೆ. ಆ ನಗು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು.

ವಾರಕ್ಕೆ ಮೂರು ಸಲ ಡಯಾಲಿಸಿಸ್. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬೆಳಗಿನ ಬಸ್ಸು. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಎಡಗೈಯ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಡಾಕ್ಟರು, "ಈ ಕೈಗೆ ಭಾರ ಬೀಳಬಾರದು" ಎಂದರು. ಕೈ ಕಳೆದುಕೊಂಡ ನೇಕಾರನಿಗೆ ಏನು ಉಳಿಯುತ್ತದೆ? ಇವರಿಗೆ ಪದ ಉಳಿದಿತ್ತು. ಮದುವೆಗೆ ಮುಂಚಿನಿಂದಲೂ ಮಗ್ಗದ ಸದ್ದಿಗೆ ಹೊಂದಿಸಿ ಪದ ಕಟ್ಟುತ್ತಿದ್ದರು, ಗುನುಗುತ್ತಿದ್ದರು, ಮರೆಯುತ್ತಿದ್ದರು. ಈಗ ಗುಂಡಿಗೆ ನಾನು ಇಳಿದೆ. ಅವರು ಪಕ್ಕದಲ್ಲಿ ಕುಳಿತು ಬರೆಯಲು ಶುರು ಮಾಡಿದರು.

ಬರೆದದ್ದು ಡಿಸೈನಿನ ರಟ್ಟುಗಳ ಹಿಂದೆ. ಸೀರೆಯ ಅಂಚಿಗೆ ಚಿತ್ತಾರ ಮೂಡಿಸಲು ತೂತು ಕೊರೆದ ರಟ್ಟುಗಳನ್ನು ಸಾಲಾಗಿ ಹೊಲಿದು ಮಗ್ಗದ ಮೇಲೆ ಹಾಕುತ್ತೇವೆ. ಮಾವಿನಕಾಯಿ ಅಂಚನ್ನು ಆಗ ಯಾರೂ ಕೇಳುತ್ತಿರಲಿಲ್ಲ. ಅದರ ರಟ್ಟಿನ ಕಟ್ಟು ಮೂಲೆಯಲ್ಲಿ ಬಿದ್ದಿತ್ತು. ತೂತು ತಪ್ಪಿಸಿ, ರಟ್ಟಿಗೊಂದು ಸಾಲಿನಂತೆ, ಪೆನ್ಸಿಲಿನಲ್ಲಿ ಬರೆಯುತ್ತಿದ್ದರು.

"ನೋಟ್‌ಬುಕ್ ತರ್ಲೇನ್ರೀ?"

"ಬ್ಯಾಡ. ಎಲ್ಲಿ ಉಸಿರು ತಗಬೇಕು ಅಂತ ಈ ತೂತೇ ಹೇಳ್ತೈತೆ."

ದಿನಕ್ಕೆ ಇಷ್ಟೇ ನೀರು ಎಂದು ಅಳತೆಯಿತ್ತು. ಬೆಳಗ್ಗೆಯೇ ಬಾಟಲಿಗೆ ತುಂಬಿಡುತ್ತಿದ್ದೆ. ನಮ್ಮ ಕಡೆಯ ಬಿಸಿಲಿಗೆ ಅದು ಯಾವ ಮೂಲೆಗೂ ಸಾಲದು. ಇವರು ಮಾತ್ರೆಯನ್ನೂ ಒಣಬಾಯಲ್ಲೇ ನುಂಗಿ, ಸಂಜೆ ಹಾಡಲೆಂದು ಎರಡು ಗುಟುಕು ಉಳಿಸುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

"ಯಾರು ಕೇಳ್ತಾರ್ರೀ ಇದನ್ನ?"

"ಕೇಳೋದಲ್ಲ ಕಣೇ. ನನ್ನ ಕಂಡಿಲ್ದೋರು ಯಾರಾದ್ರೂ ಹಾಡ್ಬೇಕು. ಅಲ್ಲೀತನಕ ಇದು ಪದ ಅಲ್ಲ, ನನ್ನ ಗೊಣಗಾಟ."

ಒಮ್ಮೆ ಇನ್ಫೆಕ್ಷನ್ ಆಗಿ ಅಡ್ಮಿಟ್ ಮಾಡಿದರು. ಬಟ್ಟೆ ತರಲು ನಾನು ಮನೆಗೆ ಬಂದಾಗ ನಮಗೆ ನೂಲು ಕೊಡುವ ಸಾಹುಕಾರರು ಬಾಗಿಲಲ್ಲಿ ನಿಂತಿದ್ದರು. "ಮಾವಿನಕಾಯಿ ಅಂಚು ಮತ್ತೆ ಕೇಳ್ತಿದಾರೆ ಕಣಮ್ಮ. ಆ ಕಟ್ಟು ಕೊಡು, ಕೊಂಡ್ಲಹಳ್ಳಿ ಮಗ್ಗಕ್ಕೆ ಹಾಕಿಸ್ತೀನಿ." ರಟ್ಟು ಸಾಹುಕಾರರದೇ. ನನಗೆ ಬಸ್ಸಿನ ಅವಸರ. ತಿರುಗಿಸಿಯೂ ನೋಡದೆ ಎತ್ತಿ ಕೊಟ್ಟುಬಿಟ್ಟೆ.

ಆಸ್ಪತ್ರೆಯಿಂದ ಬಂದವರು ಮೊದಲು ಮೂಲೆ ನೋಡಿದರು.

ಬೈಯಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. "ಹೋಗಿ ಈಸ್ಕಂಡು ಬರ್ತೀನಿ" ಎಂದೆ. "ಮಗ್ಗಕ್ಕೇರಿದ ರಟ್ಟು ಬಿಚ್ಚಬಾರ್ದು. ಸೀರೆ ಅರ್ಧಕ್ಕೆ ನಿಲ್ತೈತೆ" ಎಂದರು. ಆ ಸೀರೆ ಮುಗಿದ ಮೇಲೆ ಹೋದರಾಯಿತು ಎಂದುಕೊಂಡೆ. ಒಂದು ಮುಗಿದರೆ ಇನ್ನೊಂದು ಏರುತ್ತದೆ. ನನಗೂ ಮೂರು ದಿನ ಚಳ್ಳಕೆರೆ, ಉಳಿದ ದಿನ ಮಗ್ಗ. ನಿಜ ಹೇಳಬೇಕೆಂದರೆ, ಅಪರಿಚಿತರ ಮನೆಗೆ ಹೋಗಿ ಗಂಡನ ಹಾಡು ಕೇಳಲು ಸಂಕೋಚವೂ ಇತ್ತು. ಇವರು ಮತ್ತೆ ಬರೆಯಲಿಲ್ಲ. ಸಂಜೆಗೆ ಬಾಟಲಿಯಲ್ಲಿ ನೀರು ಉಳಿಯುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ, ಡಯಾಲಿಸಿಸ್ ನಡೆಯುತ್ತಿರುವಾಗಲೇ ಬಿಪಿ ಇಳಿಯಿತು. ಮತ್ತೆ ಏರಲಿಲ್ಲ.

ಇವರು ಹೋಗಿ ಮೂರು ತಿಂಗಳಾದ ಮೇಲೆ ಕೊಂಡ್ಲಹಳ್ಳಿಗೆ ಹೋದೆ. ಸಾಹುಕಾರರು ಹೇಳಿದ ಮನೆಯ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಹೆಂಗಸು ನೇಯುತ್ತಾ ಹಾಡುತ್ತಿದ್ದಳು.

*ಗುಟುಕು ನೀರು ಉಳಿಸೀನಿ ಗೆಣೆಕಾತಿ*
*ಬಿಸಿಲು ಇಳಿದ ಮ್ಯಾಲೆ ಬಾರೆ ನನ ಜೊತಿ*

ಹೊಸ್ತಿಲಲ್ಲೇ ಕುಳಿತುಬಿಟ್ಟೆ. ಮಾತು ಇವರದೇ. ರಾಗ ಮಾತ್ರ ಬೇರೆ. ರಟ್ಟಿನ ಮೇಲೆ ರಾಗ ಎಲ್ಲಿಂದ ಬರಬೇಕು, ಅವಳೇ ಹಾಕಿಕೊಂಡಿದ್ದಳು. ನಡುವೆ ಒಂದು ಸಾಲು ಬಿಟ್ಟುಹೋಗಿತ್ತು.

"ಹರಿದ ರಟ್ಟು ಹೊಲಿವಾಗ ಹಿಂದ್ಗಡೆ ಕಾಣಿಸ್ತಕ್ಕ. ಯಾರು ಬರ್ದಿದ್ದೋ ಏನೋ. ಒಂದು ರಟ್ಟು ಪೂರ್ತಿ ಹಾಳಾಗಿತ್ತು, ಬೇರೆ ಹಾಕಿದ್ವಿ. ಕೇರಿ ಹೆಂಗಸ್ರಿಗೆಲ್ಲ ಈ ಪದ ಬರ್ತೈತೆ."

"ಯಾವಾಗಿಂದ ಹಾಡ್ತೀರಮ್ಮ?"

"ಹೋದ ದೀಪಾವಳಿಗಿಂತ ಮುಂಚಿಂದ."

ದೀಪಾವಳಿಗೆ ಇವರು ಇದ್ದರು.

ಬಸ್ಸು ಹತ್ತಿಸಿ ಕರೆತಂದು, ಇದೇ ಹೊಸ್ತಿಲಲ್ಲಿ ಕೂರಿಸಬಹುದಿತ್ತು. ಅದೊಂದು ಸಂಕಟ ನಾನಿರುವವರೆಗೂ ಇರುತ್ತದೆ. ಬರೆದವರು ಯಾರೆಂದು ಹೇಳಿದೆ. ಅವಳು ಮಗ್ಗ ನಿಲ್ಲಿಸಿ ಎದ್ದು ಬಂದಳು. "ಬೇಕಾದ್ರೆ ಬಿಚ್ಚಿಕೊಡ್ತೀನಕ್ಕ" ಎಂದಳು. ಮಗ್ಗದ ಮೇಲೆ ಹಸಿರು ಸೀರೆ ಅರ್ಧವಾಗಿತ್ತು.

"ಬ್ಯಾಡ. ಅಲ್ಲೇ ಇರ್ಲಿ" ಎಂದೆ.

ಬಿಟ್ಟುಹೋದ ಸಾಲನ್ನು ಅವಳ ರಾಗದಲ್ಲೇ ಹೇಳಿಕೊಟ್ಟೆ. ಅವಳು ಎರಡು ಸಲ ಹೇಳಿ ಕಲಿತಳು. ಆಮೇಲೆ ಒಳಗೆ ಹೋಗಿ ನನಗೆ ನೀರು ತಂದಳು, ಚೊಂಬಿನ ತುಂಬ.

ಎರಡು ಗುಟುಕು ಕುಡಿದೆ. ಉಳಿದದ್ದು ಇಳಿಯಲಿಲ್ಲ.