ತೊದಲುವ ಮೆಷೀನಿನ ದೂರು

ಕೈಗಡಿಯಾರವನ್ನು ಕಂಪ್ಯೂಟರಿನ ಪಕ್ಕ ಇಟ್ಟು ನೋಡುವ ಉಪಾಯ ಹೊಳೆದದ್ದು ನನಗೇ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ. ಸುಳ್ಳು ಹೇಳುತ್ತಿದ್ದೇನೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಈಚೆಗೆ ಹಳೆಯ ಡೈರಿ ತೆಗೆದಾಗ, ಆ ತಿಂಗಳು ನನ್ನ ವಾಚು ರಿಪೇರಿಗೆ ಹೋಗಿತ್ತು ಎಂದು ನಾನೇ ಬರೆದಿಟ್ಟಿರುವುದು ಕಣ್ಣಿಗೆ ಬಿತ್ತು. ಹಾಗಾಗಿ ಇಲ್ಲಿ ನೆನಪಿಗಿಂತ ಡೈರಿಯನ್ನೇ ಹೆಚ್ಚು ನಂಬಿ ಬರೆಯುತ್ತಿದ್ದೇನೆ. ಡೈರಿಯನ್ನು ಬರೆದವನೂ ನಾನೇ ಎಂಬ ಅನುಮಾನ ಇದ್ದೇ ಇದೆ.

ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಶೆಟ್ಟಿಹಳ್ಳಿಯಲ್ಲಿ ಮನೆ, ತುಮಕೂರಿನದೇ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ. ನಮ್ಮ ಲ್ಯಾಬ್ ನೋಡಿಕೊಳ್ಳುತ್ತಿದ್ದವರು ಗುಬ್ಬಿಯಿಂದ ಬೆಳಗಿನ ರೈಲಿಗೆ ಬರುತ್ತಿದ್ದ ಒಬ್ಬ ಮೇಡಂ. ತವರು ಅಲ್ಲೇ ಹತ್ತಿರದ ಕಡಬ. ಡಿಪ್ಲೊಮಾ ಓದಿದ್ದರು, ವರ್ಷ ವರ್ಷ ನವೀಕರಿಸುವ ಗುತ್ತಿಗೆಯ ಕೆಲಸ. ಹುಡುಗರಿಗೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಲಿಸಬೇಕಾದರೆ ಅವರು ಅದನ್ನು ಕೆಡಿಸುವುದಕ್ಕೂ ಬಿಡಬೇಕು ಎಂಬುದು ಅವರ ವಾದ. ಅದಕ್ಕಾಗಿ ಪ್ರತಿ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಯುವಂತೆ ಮಾಡುವ ವರ್ಚುವಲ್ ಮೆಷೀನ್ ಸಾಫ್ಟ್‌ವೇರನ್ನು ಹಾಕಿಸಿದ್ದರು. ನಾವು ಅದನ್ನು ಒಳಗಿನ ಮೆಷೀನು ಎನ್ನುತ್ತಿದ್ದೆವು. ಹುಡುಗರು ಏನು ಕೆಡಿಸಿದರೂ ಒಳಗಿನದು ಕೆಡುತ್ತಿತ್ತು, ಹೊರಗಿನದಕ್ಕೆ ಏನೂ ಆಗುತ್ತಿರಲಿಲ್ಲ. ಪ್ರಿನ್ಸಿಪಾಲರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದ್ದರು. ಪ್ರಾಕ್ಟಿಕಲ್ ಪರೀಕ್ಷೆ ಇದರಲ್ಲಿ ಸರಿಯಾಗಿ ನಡೆದರೆ ಮಾತ್ರ ಮುಂದಿನ ವರ್ಷದ ಗುತ್ತಿಗೆ ಎಂದು ಮೇಡಂಗೆ ನೇರವಾಗಿಯೇ ಹೇಳಿದ್ದರು.

ಆಗ ದಿನವೂ ಕರೆಂಟ್ ಹೋಗುತ್ತಿತ್ತು. ಯುಪಿಎಸ್ ಕಾಲು ಗಂಟೆ ತಡೆಯುತ್ತಿತ್ತು. ಅಷ್ಟರೊಳಗೆ ಒಳಗಿನ ಮೆಷೀನುಗಳನ್ನೆಲ್ಲ ಇದ್ದ ಸ್ಥಿತಿಯಲ್ಲೇ ನಿದ್ದೆಗೆ ಹಾಕಿ, ಹೊರಗಿನದನ್ನು ಆರಿಸಬೇಕು. ಕರೆಂಟ್ ಬಂದಮೇಲೆ ಎಬ್ಬಿಸಿದರೆ ಅರ್ಧ ಬರೆದ ಪ್ರೋಗ್ರಾಂ ಅರ್ಧದಲ್ಲೇ ಕಾದಿರುತ್ತಿತ್ತು. ಈ ಏರ್ಪಾಡು ಮೇಡಂ ಅವರದೇ. ನೋಡಿದವರೆಲ್ಲ ಮೆಚ್ಚಿದ್ದರು.

ಆದರೆ ಎದ್ದ ಮೆಷೀನು ತೊದಲತೊಡಗಿತು. ಒಂದು ಅಕ್ಷರ ಒತ್ತಿದರೆ ನಾಲ್ಕು ಬೀಳುತ್ತಿದ್ದವು. 'ಕರೆಂಟ್ ಹೋದ ಭಯಕ್ಕೆ ಮೆಷೀನ್ಗೂ ಮಾತ್ ತೊದಲ್ತದೆ ಸಾರ್' ಎಂದು ಹಿಂದಿನ ಬೆಂಚಿನವನೊಬ್ಬ ನಗಿಸಿದ. ನಾನು ಕೀಬೋರ್ಡಿನದೇ ತಪ್ಪೆಂದು ಎಲ್ಲವನ್ನೂ ಬೋರಲು ಹಾಕಿ ತಟ್ಟಿಸಿದೆ. ಒಂದು ಹಿಡಿ ಕಡ್ಲೆಪುರಿ ಉದುರಿತು. ತೊದಲು ಹಾಗೆಯೇ ಉಳಿಯಿತು.

ಆ ಸಾಫ್ಟ್‌ವೇರನ್ನು ಎಲ್ಲೆಲ್ಲಿಯದೋ ಜನ ಸೇರಿ ಮಾಡಿ ಪುಕ್ಕಟೆಯಾಗಿ ಹಂಚುತ್ತಿದ್ದರು. ದೋಷ ಕಂಡವರು ಅವರ ಇಮೇಲ್ ಪಟ್ಟಿಗೆ ಬರೆಯಬಹುದಿತ್ತು. ನಾನು ಐದು ಸಾಲು ಬರೆದೆ. ನಿಮ್ಮ ಸಾಫ್ಟ್‌ವೇರಿಗೆ ಪವರ್ ಕಟ್ ತಡೆಯುವ ಶಕ್ತಿ ಇಲ್ಲ, ಪ್ರತಿ ಸಲ ಕರೆಂಟ್ ಹೋಗಿ ಬಂದಾಗಲೂ ಕೀಬೋರ್ಡ್ ಕೆಡುತ್ತದೆ ಎಂಬ ಧಾಟಿ. ಮರುದಿನವೇ ಉತ್ತರ ಬಂತು. ಬರೆದಾತ ಯಾವ ದೇಶದವನೋ ಇಂದಿಗೂ ಗೊತ್ತಿಲ್ಲ. ತನ್ನಲ್ಲಿ ಮೆಷೀನನ್ನು ನಿದ್ದೆಗೆ ಹಾಕಿ ಎಬ್ಬಿಸಿ ನೋಡಿದ್ದ, ಏನೂ ಆಗಲಿಲ್ಲವಂತೆ. ನಿಮ್ಮದು ಎಷ್ಟು ಹೊತ್ತು ನಿದ್ದೆಯಲ್ಲಿತ್ತು, ತೊದಲು ಎಷ್ಟು ಹೊತ್ತು ಇರುತ್ತದೆ, ಕರೆಂಟ್ ಹೋಗದೆಯೂ ಹೀಗಾಗುತ್ತದೆಯೇ ಎಂದು ವಿನಯದಿಂದ ಕೇಳಿದ್ದ. ವಾರದೊಳಗೆ ಮಾಹಿತಿ ಸಿಗದಿದ್ದರೆ ದೂರನ್ನು ಮುಚ್ಚಬೇಕಾಗುತ್ತದೆ ಎಂದೂ ಇತ್ತು.

ನನಗೆ ಅವಮಾನವಾಯಿತು. ಕರೆಂಟ್ ಹೋಗುವುದೆಂದರೇನು ಎಂದೇ ಅರಿಯದವರಿಗೆ ಏನು ಉತ್ತರ ಬರೆಯುವುದೆಂದು ಮೇಲನ್ನು ಮೇಡಂಗೆ ತೋರಿಸಿದೆ. ಅವರು ಎರಡು ಸಲ ಓದಿದರು.

"ಸರಿಯಾಗೇ ಕೇಳವ್ರಲ್ಲ ಸಾರ್," ಎಂದರು.

ಅವರ ತಂದೆ ಕಡಬದ ಕೆರೆಯ ನೀರುಗಂಟಿ. ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಿಡುವುದು ಅವರ ಕೆಲಸ. ಆ ಮನೆಯ ಪದ್ಧತಿಯೊಂದನ್ನು ಮೇಡಂ ಅಂದು ಹೇಳಿದರು.

"ನೀರ್ ಬರ್ಲಿಲ್ಲ ಅಂತ ಯಾರಾದ್ರೂ ಬೈಕೊಂಡ್ ಬಂದ್ರೆ, ತೂಬಿಂದ ಗದ್ದೆಗಂಟ ನಡ್ಕಂಡ್ ಬಂದ್ಯೇನ್ಲಾ ಅಂತ ನಮ್ಮಪ್ಪ ಕೇಳೋರು. ಇಲ್ಲ ಅಂದ್ರೆ, ನಡ್ಕಂಡ್ ಬಾ ಹೋಗು, ನೀರು ಎಲ್ ನಿಂತದೆ ಹೇಳು, ಆಮೇಲ್ ಬೈಯುವಂತೆ ಅನ್ನೋರು. ನೀವು ಗದ್ದೆ ಬದೀಲ್ ನಿಂತ್ಕಂಡೇ ಬೈದಿದ್ದೀರಿ ಸಾರ್."

ಪರೀಕ್ಷೆಗೆ ಮೂರು ವಾರ ಉಳಿದಿತ್ತು. ಕರೆಂಟ್ ಹೋಗದ ಒಂದು ಶನಿವಾರ ಮೇಡಂ ತೂಬಿನಿಂದ ನಡೆಯಲು ಶುರುಮಾಡಿದರು. ಮೆಷೀನನ್ನು ಐದು ನಿಮಿಷ ನಿದ್ದೆಗೆ ಹಾಕಿ ಎಬ್ಬಿಸಿದರು. ಆಮೇಲೆ ಹತ್ತು, ಇಪ್ಪತ್ತು, ನಲವತ್ತು. ಪ್ರತಿ ಸಲವೂ ತಮ್ಮ ಕೈಗಡಿಯಾರ ಬಿಚ್ಚಿ ಮಾನಿಟರಿನ ಕೆಳಗಿಟ್ಟು, ಪರದೆಯ ಮೇಲಿನ ಗಡಿಯಾರದ ಜೊತೆ ಹೋಲಿಸಿ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ಪಟ್ಟಿ ಬರೆದರು. ಎದ್ದ ಕೂಡಲೇ ಒಳಗಿನ ಮೆಷೀನಿನ ಗಡಿಯಾರ ಓಡುತ್ತಿತ್ತು. ಸೆಕೆಂಡುಗಳು ದಡದಡನೆ ಉರುಳಿ, ಕೈಗಡಿಯಾರಕ್ಕೆ ಸಮವಾದ ಕೂಡಲೇ ನಿಧಾನವಾಗುತ್ತಿದ್ದವು, ತೊದಲೂ ಅಲ್ಲಿಗೇ ನಿಲ್ಲುತ್ತಿತ್ತು. ನಿದ್ದೆ ಹೆಚ್ಚಿದಷ್ಟೂ ತೊದಲಿನ ಹೊತ್ತು ಹೆಚ್ಚುತ್ತಿತ್ತು.

ಅಂದರೆ ಕರೆಂಟಿನ ತಪ್ಪೇ ಇರಲಿಲ್ಲ. ಮಲಗಿದ್ದ ಹೊತ್ತನ್ನೆಲ್ಲ ಮೆಷೀನು ಎದ್ದಮೇಲೆ ಓಡಿ ತುಂಬಿಸಿಕೊಳ್ಳುತ್ತಿತ್ತು. ಆ ಓಟದಲ್ಲಿ, ನಾವು ಚಕ್ಕನೆ ಒತ್ತಿ ಬಿಟ್ಟ ಕೀಲಿ ಅದಕ್ಕೆ ಬಹಳ ಹೊತ್ತು ಒತ್ತಿಹಿಡಿದಂತೆ ಕಂಡು, ಅದೇ ಅಕ್ಷರವನ್ನು ಮತ್ತೆ ಮತ್ತೆ ಹಾಕುತ್ತಿತ್ತು. ದೂರದ ಆ ಮನುಷ್ಯ ಬಹುಶಃ ಒಂದೇ ನಿಮಿಷ ಮಲಗಿಸಿ ಎಬ್ಬಿಸಿದ್ದ, ಅದಕ್ಕೇ ಅವನಿಗೆ ಏನೂ ಕಂಡಿರಲಿಲ್ಲ.

ಡೈರಿಯಲ್ಲಿ ಸೋಮವಾರಕ್ಕೆ ಇರುವುದು ಇಷ್ಟು: 'ಎರಡನೇ ಮೇಲ್ ಹೋಯಿತು. ತಲೆನೋವು.' ಉತ್ತರ ಬೇಗನೆ ಬಂತು. ಅದರಲ್ಲಿ ಮೇಡಂ ಅವರ ಪಟ್ಟಿಯ ಒಂದೊಂದು ಸಾಲನ್ನೂ ಎತ್ತಿಕೊಂಡು ಆತ ಚರ್ಚಿಸಿದ್ದ. ಇಷ್ಟು ಚೊಕ್ಕವಾದ ದೂರು ಅಪರೂಪ ಎಂದಿದ್ದ, ಜೊತೆಗೆ ಒಂದು ತಿದ್ದುಪಡಿ ಕಳಿಸಿದ್ದ. ಅದನ್ನು ಹಾಕಿ ನೋಡಿದರೆ ತೊದಲು ನಿಂತಿತು, ಆದರೆ ಒಳಗಿನ ಗಡಿಯಾರ ಮಲಗಿದ ಹೊತ್ತಿನಷ್ಟು ಹಿಂದೆಯೇ ಉಳಿಯಿತು. ಮೇಡಂ ಮತ್ತೆ ಅದೇ ಐದು, ಹತ್ತು, ಇಪ್ಪತ್ತು, ನಲವತ್ತು ನಿಮಿಷ ಕಾದು ಕೂತರು. ಇನ್ನೊಂದು ಪಟ್ಟಿ ಹೋಯಿತು, ಇನ್ನೊಂದು ತಿದ್ದುಪಡಿ ಬಂತು. ಒಬ್ಬರ ಮುಖ ಒಬ್ಬರು ನೋಡದ ಈ ಇಬ್ಬರ ತಾಳ್ಮೆಯ ನಡುವೆ ನಾನು ಅಂಚೆಯವನಂತಿದ್ದೆ. ಆಗ ಹಾಗೆ ಅನ್ನಿಸಿತ್ತೋ ಈಗ ಅನ್ನಿಸುತ್ತಿದೆಯೋ, ಖಚಿತವಿಲ್ಲ.

ಪರೀಕ್ಷೆಗೆ ಹೊರಗಿನ ಪರೀಕ್ಷಕರು ಕುಣಿಗಲ್‌ನಿಂದ ಬಂದಿದ್ದರು. ಹನ್ನೊಂದೂವರೆಗೆ ಕರೆಂಟ್ ಹೋಯಿತು. ಮೇಡಂ ಸದ್ದಿಲ್ಲದೆ ಸಾಲು ಸಾಲಾಗಿ ಮೆಷೀನುಗಳನ್ನು ಮಲಗಿಸಿದರು. ಮುಕ್ಕಾಲು ಗಂಟೆಯ ಮೇಲೆ ಕರೆಂಟ್ ಬಂತು. ಅವರು ಎಲ್ಲವನ್ನೂ ಎಬ್ಬಿಸಿ, ಮೊದಲ ಸಾಲಿನ ಹುಡುಗಿಯ ಬೆನ್ನ ಹಿಂದೆ ಕೈಕಟ್ಟಿ ನಿಂತರು. ಪ್ರಿನ್ಸಿಪಾಲರೂ ಬಾಗಿಲಲ್ಲಿದ್ದರು. ಹುಡುಗಿ ಒಂದು ಅಕ್ಷರ ಒತ್ತಿದಳು. ಒಂದೇ ಬಿತ್ತು. ಬರೆದದ್ದೂ ಹಾಗೇ ಉಳಿದಿದೆಯಲ್ಲ ಎಂದು ಪರೀಕ್ಷಕರು ಬಗ್ಗಿ ನೋಡಿದರು. ಪ್ರಿನ್ಸಿಪಾಲರು ತಮ್ಮ ಕೋಣೆಗೆ ಹೋದರು. ಗುತ್ತಿಗೆಯ ಕಾಗದ ಮುಂದಿನ ವಾರ ಬಂತು.

ಇಷ್ಟು ಬರೆದಮೇಲೆ, ಆ ಇಮೇಲ್ ಪಟ್ಟಿಯ ಹಳೆಯ ಮೇಲ್‌ಗಳು ಇನ್ನೂ ಇಂಟರ್ನೆಟ್ಟಿನಲ್ಲಿವೆ ಎಂದು ನೆನಪಾಗಿ ಹುಡುಕಿದೆ. ಸಿಕ್ಕವು. ನನ್ನ ಎರಡನೇ ಮೇಲ್ ಹೀಗೆ ಶುರುವಾಗುತ್ತದೆ: ನಾನು ಮೊದಲು ಹೇಳಿದ್ದು ತಪ್ಪು, ಕರೆಂಟಿಗೂ ಇದಕ್ಕೂ ಸಂಬಂಧವಿಲ್ಲ, ಅಳೆದು ನೋಡಿದವರು ನನ್ನ ಸಹೋದ್ಯೋಗಿ. ಕೆಳಗೆ ನನ್ನ ಹೆಸರು. ಆಗ ನಾನು ಇಷ್ಟು ನೇರವಾಗಿ ತಪ್ಪೊಪ್ಪಿಕೊಂಡಿದ್ದೆನೇ ಎಂದು ಸಂತೋಷವಾಯಿತು. ಆ ಸಂತೋಷದಲ್ಲೇ ಗುಬ್ಬಿಗೆ ಫೋನ್ ಮಾಡಿ ಮೇಡಂಗೆ ಓದಿ ಹೇಳಿದೆ.

ಕೇಳಿಸಿಕೊಂಡು ಅವರು ಹೇಳಿದರು:

"ಅದು ನೀವ್ ಬರ್ದಿದ್ದಲ್ಲ ಸಾರ್. ನೀವು ಪಟ್ಟಿ ಟೈಪ್ ಮಾಡಿ, ತಲೆನೋವು, ನೀವೇ ಕಳ್ಸ್ಬಿಡಿ ಅಂತ ಎದ್ದೋದ್ರಿ. ಮೇಲಿನ್ ಮೂರು ಸಾಲು ನಾನೇ ಸೇರ್ಸ್ದೆ. ಮೊದ್ಲು ಹೇಳಿದ್ದು ತಪ್ಪು ಅಂತ ಒಪ್ಕೊಳ್ದೆ ಇನ್ನೊಂದ್ ದೂರು ತಗೊಂಡೋದ್ರೆ ಯಾರ್ ಕೇಳ್ತಾರೆ?"

ಹಾಗಾದರೆ ಸಹೋದ್ಯೋಗಿ ಎಂದೇಕೆ ಬರೆದಿರಿ, ನಿಮ್ಮ ಹೆಸರನ್ನೇ ಹಾಕಬಹುದಿತ್ತಲ್ಲ ಎಂದೆ.

"ಆಗ ನಂಗ್ ಬೇಕಾಗಿದ್ದು ಹೆಸ್ರಲ್ಲ ಸಾರ್, ಇನ್ನೊಂದ್ ವರ್ಷದ್ ಕೆಲ್ಸ. ಅದು ಸಿಕ್ತಲ್ಲ, ಬುಡಿ."

ಆ ಸಾಫ್ಟ್‌ವೇರಿನ ತಿದ್ದುಪಡಿಗಳ ದಾಖಲೆಯಲ್ಲಿ, ದೋಷವನ್ನು ತಿಳಿಸಿದವರು ಎಂಬಲ್ಲಿ ನನ್ನ ಹೆಸರೇ ಇದೆ. ಅದನ್ನು ಈಗ ಯಾರೂ ತಿದ್ದಲಾರರು. ಡೈರಿಯಲ್ಲಿ ಆ ಸೋಮವಾರದ ಅಂಚಿನಲ್ಲಿ ಇವತ್ತಿನ ತಾರೀಕು ಹಾಕಿ, ಮೇಲ್ ಕಳಿಸಿದವನು ನಾನಲ್ಲ ಎಂದು ಬರೆದಿಟ್ಟಿದ್ದೇನೆ.