ಐದನೇ ತಿಂಗಳ ಜ್ವರ

ಬೀಗ ರಿಪೇರಿ ಮಾಡುವ ಆಕೆಯನ್ನು ಬೀದಿಯವರೆಲ್ಲ ಬೀಗದಕ್ಕ ಎಂದೇ ಕರೆಯುತ್ತಿದ್ದರು. "ಮಕ್ಕಳ ಮದುವೆ ಮಾಡದೇನೇ ಊರಿಗೆಲ್ಲ ಬೀಗಿತ್ತಿ ಆಗ್ಬಿಟ್ಟೆ" ಎಂದು ಆಕೆಯೂ ನಗುತ್ತಿದ್ದಳು. ಕಿಡ್ನಿ ಕಾಯಿಲೆಯಿಂದ ಕಾಲು ಊದಿ, ಚಪ್ಪಲಿಗೆ ಪಾದ ತೂರದಂತಾದ ವರ್ಷ ಮಾತ್ರ ಆ ನಗು ನಿಂತಿತ್ತು. ಮೈಯ ರೋಗನಿರೋಧಕ ಶಕ್ತಿಯೇ ಕಿಡ್ನಿಯ ಮೇಲೆ ತಿರುಗಿಬಿದ್ದಿದೆ ಎಂದ ವೈದ್ಯೆ, ಅದನ್ನು ತಗ್ಗಿಸುವ ಔಷಧವನ್ನು ಎರಡು ಸಲ ಡ್ರಿಪ್‌ನಲ್ಲಿ ಕೊಟ್ಟರು. ಊತ ಇಳಿಯಿತು. ಬೀಗದಕ್ಕ ಮತ್ತೆ ಅರ ಹಿಡಿದು ಅಂಗಡಿಯಲ್ಲಿ ಕೂತಳು.

ಡ್ರಿಪ್ ಹಾಕಿಸಿಕೊಂಡ ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಬಾಯೊಳಗೆಲ್ಲ ಹುಣ್ಣು. ಮಧ್ಯಾಹ್ನಕ್ಕೆ ಮೈ ಕೆಂಡವಾಯಿತು.

"ಏಳಿ ಅತ್ತಿಗೆ, ಆಸ್ಪತ್ರೆಗೆ ಹೋಗೋಣ," ಎಂದಳು ಊಟದ ಡಬ್ಬಿ ತಂದಿದ್ದ ನಾದಿನಿ. "ಜ್ವರ ಬಂದ್ರೆ ಕಾಯ್ಬೇಡಿ ಅಂತ ಡಾಕ್ಟ್ರು ಹೇಳಿರ್ಲಿಲ್ವಾ?"

"ಅದು ಡ್ರಿಪ್ ಹಾಕಿದಾಗಿನ ಮಾತು ಕಣೇ. ಇಷ್ಟು ದಿನ ಆದ್ಮೇಲೆ ಆ ಔಷಧಿ ಇನ್ನೆಲ್ಲಿರುತ್ತೆ?"

ಅಷ್ಟರಲ್ಲಿ ಎದುರು ಕಟ್ಟಡದ ಹೆಂಗಸು ಓಡಿಬಂದಳು. "ಅಕ್ಕಾ, ಬಾಗಿಲು ಹಾಕ್ಕೊಂಡ್ಬಿಡ್ತು! ಮಗು ಒಳಗಿದೆ, ಒಲೆ ಉರೀತಿದೆ!"

ಬೀಗದಕ್ಕ ನಾದಿನಿಯ ತೋಳು ಹಿಡಿದು ಮೂರು ಮಹಡಿ ಹತ್ತಿದಳು. ಬಾಗಿಲ ಸಂದಿಯಿಂದ ಸೀದ ಹಾಲಿನ ವಾಸನೆ. ಒಳಗೆ ಅಳು. ಆಮೇಲೆ ಅಳುವೂ ನಿಂತಿತು. ಜ್ವರಕ್ಕೆ ನಡುಗುವ ಕೈಯಿಂದ ಬೀಗ ತೆಗೆಯುವ ಕೊಕ್ಕೆ ಎರಡು ಸಲ ಜಾರಿತು. ನಾದಿನಿ ಆ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು. ಮೂರನೇ ಸಲ ಬೀಗ ಟಕ್ ಎಂದಿತು. ಕೆಮ್ಮುತ್ತಿದ್ದ ಮಗುವನ್ನು ತಾಯಿ ಹೊಗೆಯ ನಡುವಿನಿಂದ ಎತ್ತಿ ತಂದಾಗ ಬೀಗದಕ್ಕ ಮೆಟ್ಟಿಲ ಮೇಲೆ ಕುಸಿದಿದ್ದಳು.

ನಾದಿನಿ ಮತ್ತೆ ಕೇಳಲಿಲ್ಲ, ನೇರ ಆಸ್ಪತ್ರೆಗೆ ಕರೆದೊಯ್ದಳು.

ರಕ್ತದ ವರದಿ ನೋಡಿ ವೈದ್ಯೆಯ ಮುಖ ಬಿಗಿಯಾಯಿತು. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಹೆಚ್ಚುಕಡಿಮೆ ಇರಲೇ ಇಲ್ಲ.

"ಅಪರೂಪಕ್ಕೆ ಆ ಔಷಧಿ ತಿಂಗಳುಗಟ್ಟಲೆ ಆದ್ಮೇಲೂ ಹೀಗೆ ಮಾಡುತ್ತಮ್ಮ. ನಾಳೆ ಬರ್ತೀನಿ ಅಂತ ಕೂತಿದ್ರೆ..." ಎನ್ನುತ್ತಲೇ ಅವರು ದಾಖಲಾತಿ ಚೀಟಿ ಬರೆದರು.

ಸೋಂಕು ತಗಲದಂತೆ ಹೊರಗಿನವರನ್ನು ಒಳಬಿಡದ ಒಂಟಿ ಕೋಣೆ. ರಕ್ತನಾಳಕ್ಕೆ ಆಂಟಿಬಯಾಟಿಕ್, ಕಣಗಳು ಹುಟ್ಟಲೆಂದು ದಿನಕ್ಕೊಂದು ಚುಚ್ಚುಮದ್ದು. ಮೂರು ದಿನ ಅವುಗಳ ಸಂಖ್ಯೆ ಏರಲೇ ಇಲ್ಲ. ಮೂರನೆಯ ದಿನ ರಕ್ತದೊತ್ತಡವೂ ಕುಸಿಯಿತು. ನಾದಿನಿ ಗಾಜಿನಾಚೆ ನಿಂತಲ್ಲಿಂದ ಕದಲಲಿಲ್ಲ. ಐದನೆಯ ಬೆಳಿಗ್ಗೆ ನರ್ಸ್ ಹೊರಬಂದು, "ಕಣ ಹುಟ್ತಾ ಇದೆ" ಎಂದಾಗ ಆಕೆ ಗೋಡೆಗೊರಗಿ ಗೊಳೋ ಎಂದು ಅತ್ತಳು.

ಹನ್ನೊಂದನೆಯ ದಿನ ಬೀಗದಕ್ಕ ಮನೆಗೆ ಬಂದಳು. ಮುಂದಿನ ಒಂದು ವರ್ಷ, ಮೈ ಎಷ್ಟೇ ನೆಟ್ಟಗಿದ್ದರೂ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿದಳು. ಒಂದನ್ನೂ ತಪ್ಪಿಸಲಿಲ್ಲ.